ಭತ್ತದ ಉಗ್ರಾಣಕ್ಕೆ ಕಿಟಕಿ ಇಟ್ಟ ವರ್ಷ

ಕತ್ತಲೆ ಕೋಣೆ ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಯಾರ ಮನೆಗೆ ಹೋದರೂ ಮೊದಲು ಕಿಟಕಿ ನೋಡುತ್ತೇನೆ, ಆಮೇಲೆ ಮನೆಯವರ ಮುಖ. ಪರದೆ ಎಳೆದಿದ್ದರೆ ಸರಿಸುವ ತನಕ ಕೈ ಸುಮ್ಮನಿರುವುದಿಲ್ಲ. 'ನಮ್ಮತ್ತೆಗೆ ಕಿಟಕಿ ಹುಚ್ಚು' ಎಂದು ಸೊಸೆ ಬಂದವರಿಗೆಲ್ಲ ಮೊದಲೇ ಹೇಳಿಬಿಡುತ್ತಾಳೆ. ಅವಳ ಮಾತಿನಲ್ಲಿ ತಪ್ಪೇನಿಲ್ಲ. ಈ ಹುಚ್ಚು ನನಗೆ ಹತ್ತಿದ್ದು ಅರವತ್ತರ ದಶಕದ ಮೊದಲ ವರ್ಷಗಳಲ್ಲಿ, ಹೊಳೆನರಸೀಪುರದ ಒಂದು ಭತ್ತದ ಉಗ್ರಾಣದಲ್ಲಿ.

ಹಾಸನದಲ್ಲಿ ಹುಟ್ಟಿ ಬೆಳೆದ ನಾನು ಹೊಲಿಗೆ ಪರೀಕ್ಷೆ ಪಾಸು ಮಾಡಿ, ಹೆಂಗಸರ ಹೊಲಿಗೆ ತರಗತಿ ನಡೆಸಲು ಅಲ್ಲಿಗೆ ಹೋದೆ. ಕೆಲಸದ ಆರ್ಡರು ಕೈಲಿತ್ತು, ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ನೊಂದು ಲಾರಿಯಲ್ಲಿ ಬಂದಿಳಿದಿತ್ತು, ಕಟ್ಟಡ ಮಾತ್ರ ಇರಲಿಲ್ಲ. ಊರಿನ ದೊಡ್ಡ ಜಮೀನುದಾರರ ಮನೆಯ ಯಜಮಾನಿ, ವಯಸ್ಸಾದ ಹೆಂಗಸು, 'ಹೆಣ್ಮಕ್ಳು ಕಲೀಲಿ' ಎಂದು ತಮ್ಮ ಮನೆಯ ಪಕ್ಕದ ಹಳೇ ಉಗ್ರಾಣವನ್ನು ಬಿಟ್ಟುಕೊಟ್ಟರು. ಅದು ಭತ್ತ ತುಂಬಲು ಕಟ್ಟಿದ್ದು. ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ದಕ್ಷಿಣಕ್ಕೆ ಒಂದೇ ಬಾಗಿಲು, ಗಾಳಿಯಾಡಲು ಮೇಲುಗಡೆ ಅಂಗೈ ಅಗಲದ ಎರಡು ತೂತು. ಭತ್ತಕ್ಕೆ ಕಣ್ಣಿಲ್ಲ, ಅದಕ್ಕೆ ಅಷ್ಟು ಸಾಕು. ನಮಗೆ ಸೂಜಿಗೆ ದಾರ ಪೋಣಿಸಬೇಕಿತ್ತು.

ಮೊದಲ ದಿನವೇ ಮನೆಯಿಂದ ಲಾಟೀನು ತಂದು ಹಚ್ಚಿಟ್ಟೆ. ಪೇಟೆ ಬೀದಿಗೆ ಕರೆಂಟು ಬಂದಿತ್ತು, ನಮ್ಮ ಓಣಿಗೆ ಇನ್ನೂ ಬಂದಿರಲಿಲ್ಲ. ಹೆಂಗಸರೆಲ್ಲ ಮಧ್ಯಾಹ್ನ ಮನೆಗೆಲಸ ಮುಗಿಸಿ ಬಂದು ಕುಳಿತಿದ್ದರು. ಏನು ನಡೆಯುತ್ತಿದೆ ಎಂದು ನೋಡಲು ಯಜಮಾನಿಯವರು ಬಾಗಿಲಲ್ಲಿ ಬಂದು ನಿಂತರು, ಲಾಟೀನು ನೋಡಿದರು, ಹಣೆ ಚಚ್ಚಿಕೊಂಡರು.

"ಏನ್ ಟೀಚರಮ್ಮ, ಅಗಲೊತ್ನಾಗೇ ದೀಪ ಅಚ್ಚಿದ್ದೀಯಾ?"

"ಕತ್ತಲೆ ಅಲ್ವೇನಮ್ಮ, ಸೂಜಿ ಕಾಣ್ಬೇಕಲ್ಲ."

"ದೀಪ ಅಚ್ಚುದ್ ಮ್ಯಾಕೆ ಸೂಜಿ ಮುಟ್ಬಾರ್ದು ಕಣವ್ವ. ಅಷ್ಟೂ ತಿಳೀದಾ ನಿಂಗೆ? ಸೂಜಿ ಬೇಕಾ, ದೀಪ ಆರ್ಸು. ದೀಪ ಬೇಕಾ, ಸೂಜಿ ಇಡು."

ದೀಪ ಹಚ್ಚಿದ ಮೇಲೆ ಸೂಜಿ ಉಪ್ಪು ಯಾರಿಗೂ ಕೊಡಬಾರದು, ಹೊಲಿಯಬಾರದು ಎಂಬುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ನಡೆದುಬಂದದ್ದು. ನಮ್ಮಜ್ಜಿಯೂ ಹೇಳುತ್ತಿದ್ದರು. ಆದರೆ ಮಧ್ಯಾಹ್ನ ಎರಡು ಗಂಟೆಗೆ ಹಚ್ಚಿದ ಲಾಟೀನಿಗೂ ಅದೇ ಕಾನೂನು ಎಂದು ನಾನು ಅಂದುಕೊಂಡಿರಲಿಲ್ಲ. ವಾದ ಮಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಗಸರೆಲ್ಲ ಸೂಜಿಗಳನ್ನು ಬಟ್ಟೆಗೆ ಸಿಕ್ಕಿಸಿ ಕೈಕಟ್ಟಿ ಕೂತಿದ್ದರು. ಲಾಟೀನು ಆರಿಸಿದೆ.

ಆಮೇಲೆ ಉಳಿದದ್ದು ಬಾಗಿಲಿನ ಬೆಳಕು. ಹೊಸಿಲಿನಿಂದ ಒಳಕ್ಕೆ ಮೂರು ಮೊಳ ಬರುತ್ತಿತ್ತು, ಅಲ್ಲಿಗೆ ಮುಗಿಯಿತು. ಆ ಬೆಳಕಿನಲ್ಲಿ ಕುಳಿತಿದ್ದವಳು ಒಬ್ಬಳೇ. ಅವಳು ಹರದನಹಳ್ಳಿಯವಳು, ಅಕ್ಕನ ಮನೆಯಲ್ಲಿದ್ದುಕೊಂಡು ಬೆಳಿಗ್ಗೆ ಕೂಲಿಗೆ ಹೋಗಿ ಮಧ್ಯಾಹ್ನ ತರಗತಿಗೆ ಬರುತ್ತಿದ್ದಳು. ಅಕ್ಕನ ಮನೆ ಇದ್ದದ್ದು ಊರಾಚೆಯ ಕೇರಿಯಲ್ಲಿ. ಸರ್ಕಾರದ ತರಗತಿ, ಯಾರನ್ನೂ ಬೇಡ ಎನ್ನುವಂತಿರಲಿಲ್ಲ. ಆದ್ದರಿಂದ ಯಾರೂ ಏನೂ ಹೇಳದೆಯೇ ಅವಳ ಜಾಗ ಹೊಸಿಲಿನ ಪಕ್ಕ ಎಂದು ಗೊತ್ತಾಗಿಹೋಗಿತ್ತು. ಮರ್ಯಾದಸ್ಥ ಮನೆಯವರು ಒಳಗೆ, ಗೋಡೆಗೆ ಒರಗಿ, ಕಗ್ಗತ್ತಲೆಯಲ್ಲಿ.

ಒಂದೇ ತಿಂಗಳಲ್ಲಿ ಫಲ ಕಂಡಿತು. ಹರದನಹಳ್ಳಿಯವಳ ಹೊಲಿಗೆ ಇರುವೆ ಸಾಲಿನ ಹಾಗೆ ನೆಟ್ಟಗೆ ಹೋಗುತ್ತಿತ್ತು. ಒಳಗಿನವರದ್ದು ಹಬ್ಬ. ಒಬ್ಬಾಕೆ ಜುಬ್ಬದ ಎರಡೂ ತೋಳನ್ನು ಒಂದೇ ಕಡೆ ಇಟ್ಟಳು. ಇನ್ನೊಬ್ಬಾಕೆ ಮಗುವಿನ ಲಂಗದ ಅಂಚು ಮಡಿಸಿ ಹೊಲಿದು, ಮುಗಿಯಿತು ಎಂದು ಮೇಲೆದ್ದಾಗ ಲಂಗವೂ ಅವಳ ಸೀರೆಯ ಜೊತೆಗೇ ಎದ್ದು ಬಂತು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಹಾಗೆ ನಗುತ್ತಲೇ ಯಾರಿಗೋ ಹೊಳೆಯಿತು: ಬೆಳಕೆಲ್ಲ ಅವಳಿಗೇ ಸಿಗುತ್ತಿದೆಯಲ್ಲ.

ಮರುದಿನ ನಾನು ಬರುವಷ್ಟರಲ್ಲಿ ಎಲ್ಲರೂ ಹೊಸಿಲ ಹತ್ತಿರಕ್ಕೆ ಸರಿದು ಕೂತಿದ್ದರು. ಹರದನಹಳ್ಳಿಯವಳು ಹೊರಗೆ ಜಗಲಿಯ ಮೇಲೆ, ಮಾಡಿನ ಅಂಚು ದಾಟಿದ ಬಿಸಿಲಿನಲ್ಲಿ.

"ಇದೇನು, ಯಾಕೆ ಆಚೆ ಕೂತೆ?" ಎಂದೆ.

"ಇಲ್ಲೇ ಚಂದಾಗದೆ ಕಣವ್ವ, ಗಾಳಿ ಬತ್ತದೆ" ಎಂದಳು, ತಲೆಯೆತ್ತದೆ.

ನಾನು ಒಳಗಿದ್ದವರ ಕಡೆ ನೋಡಿದೆ. ಅವರು ತಮ್ಮ ತಮ್ಮ ಸೂಜಿಗಳನ್ನು ನೋಡಿಕೊಂಡರು. ಆಗ ನನಗೆ ಇಪ್ಪತ್ತಮೂರು ವರ್ಷ. ಒಂದು ಮಾತು ಆಡಿದರೆ ತರಗತಿಯೇ ಒಡೆದುಹೋದೀತು, ಉಗ್ರಾಣ ಬಿಡಿ ಎಂದಾರು ಎಂದು ಹೆದರಿದೆ. 'ಸರಿ, ಗುಂಡಿಗೆ ಕಾಜ ಹೊಲಿಯೋದು ಶುರುಮಾಡೋಣ' ಎಂದುಬಿಟ್ಟೆ. ಆ ದಿನದ ಬಗ್ಗೆ ನನಗೆ ನಾಚಿಕೆಯಿದೆ.

ಬಿಸಿಲಿನಲ್ಲಿ ಹೊಲಿಗೆ ಇನ್ನೂ ಸುಲಭ ಎಂದು ಹೊಲಿಯದವರು ತಿಳಿದಿರುತ್ತಾರೆ. ತೆಳ್ಳನೆಯ ಬಿಳಿ ಮಲ್ ಬಟ್ಟೆಯ ಮೇಲೆ ಬಿಸಿಲು ಬಿದ್ದರೆ ಅದು ಕಣ್ಣಿಗೆ ಸುಣ್ಣ ಎರಚಿದ ಹಾಗೆ. ಎಳೆ ಕಾಣುವುದಿಲ್ಲ, ಕಣ್ಣಲ್ಲಿ ನೀರು ಬರುತ್ತದೆ, ನೆರಳಿಗೆ ತಿರುಗಿದರೆ ಏನೂ ತೋಚುವುದಿಲ್ಲ. ಹತ್ತು ದಿನಕ್ಕೆ ಅವಳ ಕಣ್ಣು ಕೆಂಡವಾಯಿತು. ಕಾಜದ ಅಂಚು ಹಲ್ಲುಹಲ್ಲಾಗಿ ಏಳತೊಡಗಿತು. ವರ್ಷದ ಕೊನೆಗೆ ಹಾಸನದಲ್ಲಿ ಪರೀಕ್ಷೆ. ಪಾಸಾದರೆ ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿಯಲ್ಲಿ ಹೊಸದಾಗಿ ತೆರೆಯಲಿದ್ದ ಹೊಲಿಗೆ ತರಗತಿಯ ಟೀಚರ ಕೆಲಸ ಅವಳಿಗೆ ಸಿಗುವಂತಿತ್ತು. ವಯಸ್ಸಿನ ಮಿತಿ ಆ ವರ್ಷಕ್ಕೆ ಮುಗಿಯುತ್ತಿತ್ತು, ಮುಂದಿನ ವರ್ಷ ಎಂಬುದೇ ಅವಳಿಗೆ ಇರಲಿಲ್ಲ. "ಪಾಸಾಯ್ತು ಅಂದ್ರೆ ಇನ್ನು ನಾಟಿ ಆಕಕ್ಕೆ ಓಗಕ್ಕಿಲ್ಲ ಕಣವ್ವ. ಬಗ್ಗಿ ಬಗ್ಗಿ ಸೊಂಟ ಮುರ್ದೋಗದೆ" ಎಂದು ಅವಳು ಯಾವಾಗಲೂ ಅನ್ನುತ್ತಿದ್ದಳು.

ಕೂರುವ ಜಾಗ ಬದಲಾಯಿಸುವ ಧೈರ್ಯ ನನಗಿರಲಿಲ್ಲ. ಕಟ್ಟಡ ಬದಲಾಯಿಸುವ ಧೈರ್ಯ ಮಾತ್ರ ಎಲ್ಲಿಂದಲೋ ಬಂತು. ನೇರವಾಗಿ ಯಜಮಾನಿಯವರ ಹತ್ತಿರ ಹೋಗಿ, "ಅಮ್ಮಾ, ಉಗ್ರಾಣಕ್ಕೆ ಕಿಟಕಿ ಇಡಿಸಿಕೊಡಿ. ಇಲ್ಲದಿದ್ದರೆ ನಿಮ್ಮ ಸೊಸೆ ಈ ಜನ್ಮದಲ್ಲಿ ರವಿಕೆ ಹೊಲಿಯೋದಿಲ್ಲ" ಎಂದೆ. ಎರಡು ತೋಳು ಒಂದೇ ಕಡೆ ಇಟ್ಟಾಕೆ ಅವರ ಸೊಸೆಯೇ. ಆ ಜುಬ್ಬವನ್ನು ಅವರು ಕಣ್ಣಾರೆ ನೋಡಿದ್ದರು. ಹಿತ್ತಿಲ ಅಟ್ಟದಲ್ಲಿ ಬಿದ್ದಿದ್ದ, ಹಳೇ ಮನೆ ಕೆಡವಿದಾಗ ಉಳಿದ ಕಿಟಕಿಗಳನ್ನು ಕೊಡಲು ಒಪ್ಪಿದರು. ಒಂದೇ ಷರತ್ತು: ಹೆಣ್ಣುಮಕ್ಕಳು ಬೀದಿಗೆ ಕಾಣಬಾರದು.

ಅರಕಲಗೂಡಿನಿಂದ ಒಬ್ಬ ಮೇಸ್ತ್ರಿಯನ್ನು ಕರೆಸಿದರು. ಅರವತ್ತು ದಾಟಿದ ಮನುಷ್ಯ, ಬಾಯಿ ತುಂಬ ಎಲೆಯಡಿಕೆ. ಬಂದವನೇ ಗೋಡೆ ಮುಟ್ಟಲಿಲ್ಲ. ಒಂದು ಇಡೀ ದಿನ ಉಗ್ರಾಣದ ಸುತ್ತ ಕುಕ್ಕರುಗಾಲಲ್ಲಿ ಕೂತು ಕೂತು ಜಾಗ ಬದಲಾಯಿಸುತ್ತ ಬಿಸಿಲು ನೋಡಿದ. ಕೂಲಿ ದಂಡ ಎಂದು ನನಗೆ ರೇಗಿತು.

"ಏನ್ ನೋಡ್ತಿದ್ದೀರಿ ಮೇಸ್ತ್ರಿ? ಪಡುವಲ ಗೋಡೆ ಒಡೀರಿ. ಅಲ್ಲಿ ಇಳಿಜಾರು, ತೋಟ, ಆಚೆ ಹೊಳೆ. ದೊಡ್ಡ ಕಿಟಕಿ ಇಟ್ಟರೆ ಹೊಳೆ ಕಾಣ್ತದೆ, ಬೆಳಕೂ ಬರ್ತದೆ."

"ಬೆಳ್ಕು ಬೇರೆ, ಬಿಸ್ಲು ಬೇರೆ ಟೀಚರಮ್ಮ. ನೀವು ಕೂರಾದು ಮಧ್ಯಾಹ್ನ. ಪಡ್ಲಿಗಿಟ್ರೆ ಸೂರ್ಯ ಬಂದು ತೊಡೆ ಮ್ಯಾಲೆ ಕುಂತ್ಕತಾನೆ."

"ನನಗೆ ಹೊಳೆ ಕಾಣಬೇಕು" ಎಂದೆ. ಹಟಮಾರಿತನ ನನಗೆ ತಾಯಿ ಕಡೆಯಿಂದ ಬಂದದ್ದು. ಮೇಸ್ತ್ರಿ ಎಲೆಯಡಿಕೆ ಉಗಿದು, "ಆಯ್ತು, ನಿಮ್ ಕಣ್ಣು, ನಿಮ್ ಹೊಳೆ" ಎಂದು ಗೋಡೆ ಒಡೆದ.

ನಮ್ಮ ಹೆಂಗಸರೆಲ್ಲ ಸೆರಗು ಸಿಕ್ಕಿಸಿ ಮಣ್ಣು ಹೊತ್ತರು. ಜಮೀನುದಾರರ ಸೊಸೆಯೂ ಹೊತ್ತಳು. ಮಂಕರಿ ಕೈಯಿಂದ ಕೈಗೆ ಹೋಗುವಾಗ ಯಾರ ಕೈ ಯಾರಿಗೆ ತಾಗಿತು ಎಂದು ಯಾರೂ ಲೆಕ್ಕ ಇಡಲಿಲ್ಲ. ನಾಲ್ಕು ದಿನದಲ್ಲಿ ಆಳೆತ್ತರದ ಕಿಟಕಿ ಕೂತಿತು. ಕಿಟಕಿಯ ಸುತ್ತ ಸುಣ್ಣ ಬಳಿದೆವು. ಐದನೆಯ ದಿನ ಜಂಬದಿಂದ ತರಗತಿ ತೆರೆದೆ.

ಮೊದಲ ಒಂದು ಗಂಟೆ ಸ್ವರ್ಗ. ಮೂರು ಗಂಟೆಗೆ ಸೂರ್ಯ ಒಳಗೆ ಬಂದ. ನೆಲ, ಸುಣ್ಣದ ಗೋಡೆ, ಬಿಳಿ ಬಟ್ಟೆ ಎಲ್ಲ ಒಟ್ಟಿಗೆ ಉರಿಯತೊಡಗಿದವು. ಇಷ್ಟು ದಿನ ಜಗಲಿಯಲ್ಲಿ ಒಬ್ಬಳಿಗೆ ಆಗುತ್ತಿದ್ದದ್ದು ಈಗ ಎಲ್ಲರಿಗೂ ಆಯಿತು. ಒಬ್ಬರು ಸೆರಗನ್ನು ಮುಖಕ್ಕೆ ಎಳೆದುಕೊಂಡರು, ಒಬ್ಬರು ಬೆನ್ನು ತಿರುಗಿಸಿ ತಮ್ಮ ನೆರಳಿನಲ್ಲೇ ತಾವು ಹೊಲಿಯಲು ನೋಡಿದರು. ಕಣ್ಣು ನೆಟ್ಟಗಿದ್ದವರು ಹೊಳೆ ನೋಡುತ್ತ ಕೂತರು. ಯಾರ ಎಮ್ಮೆ ನೀರಿಗಿಳಿಯಿತು, ಯಾರ ಮನೆ ಅಳಿಯ ಹೊಳೆದಾರಿಯಲ್ಲಿ ಬಂದ ಎಂಬ ವರದಿ ನಡೆಯಿತೇ ಹೊರತು ಒಂದು ಗೇಣು ಹೊಲಿಗೆ ಆಗಲಿಲ್ಲ. ಹೊಳೆದಾರಿಯವರೂ ನಿಂತು ಒಳಗೆ ಇಣುಕಿ ನೋಡಿದರು. ಯಜಮಾನಿಯವರು ಬಂದು ಕದ ದಡಾರನೆ ಮುಚ್ಚಿದರು. ಮತ್ತೆ ಕಗ್ಗತ್ತಲೆ.

ಮೇಸ್ತ್ರಿ ಜಗಲಿಯ ಮೇಲೆ ಕೂತಿದ್ದ. 'ನಾನು ಹೇಳಲಿಲ್ಲವೇ' ಎಂದು ಅವನು ಅಂದಿದ್ದರೆ ಜಗಳ ಆಡಿ ಹಗುರಾಗುತ್ತಿದ್ದೆ. ಅವನು ಅನ್ನಲಿಲ್ಲ. ಹರದನಹಳ್ಳಿಯವಳನ್ನು ಕೇಳಿದ: "ಏನವ್ವ, ಬಿಸ್ಲಲ್ಲಿ ಕುಂತು ರೂಢಿ ಆಗದೆ ನಿಂಗೆ. ಎಂಗೆ ತಡ್ಕಂಡೆ?"

"ಮಲ್ ಬಟ್ಟೆ ತಲೆ ಮ್ಯಾಲಿಂದ ಇಳಿಬುಟ್ಕಂಡು ಅದ್ರೊಳ್ಗೆ ಒಲೀತಿದ್ದೆ" ಎಂದಳು. "ಬಟ್ಟೆ ಬಿಸ್ಲ ಸೋಸ್ತದೆ. ಉರಿ ಆಚೆ ನಿಂತ್ಕತದೆ, ಬೆಳ್ಕು ಒಳಿಕ್ ಬತ್ತದೆ. ಆದ್ರೆ ಗಾಳಿ ಬಂದಾಗೆಲ್ಲ ಆರೋಗ್ತದೆ."

ಮೇಸ್ತ್ರಿ ಎದ್ದುನಿಂತ. ಅಲ್ಲಿಂದ ಮುಂದೆ ಅವರಿಬ್ಬರೇ ಮಾತಾಡಿದರು. ಕಿಟಕಿಯ ಮೇಲಿನ ಅರ್ಧಕ್ಕೆ ಬಿದಿರಿನ ಚೌಕಟ್ಟು ಮಾಡಿ ಮಲ್ ಬಟ್ಟೆ ಬಿಗಿಯುವುದು. ಕೆಳಗೆ ಸ್ವಲ್ಪ ಗೋಡೆ ಏರಿಸುವುದು. ನಡುವೆ ಒಂದು ಪಟ್ಟಿಯಷ್ಟು ಬಿಟ್ಟರೆ ಹೊಳೆ ಕಂಡೀತು. ಆದರೆ ಗೋಡೆ ಎಷ್ಟು ಏರಿಸಬೇಕು? ಹೊಳೆ ಕಾಣಬೇಕು, ಹೊಳೆದಾರಿ ಕಾಣಬಾರದು. ಒಳಗಿನವರಿಗೆ ಆಚೆ ತೋರಬೇಕು, ಆಚೆಯವರಿಗೆ ಒಳಗಿನವರು ತೋರಬಾರದು.

"ಕುಂತ್ಕಳಿ ಎಲ್ರೂ" ಎಂದ ಮೇಸ್ತ್ರಿ. ಇದ್ದಿಲು ತುಂಡು ಹಿಡಿದು, ಒಬ್ಬೊಬ್ಬರನ್ನೇ ಕಿಟಕಿಯ ಎದುರು ಚಕ್ಕಳಮಕ್ಕಳ ಕೂರಿಸಿ, ಕಿಟಕಿಯ ಕೆಳಭಾಗಕ್ಕೆ ಅಡ್ಡ ನಿಲ್ಲಿಸಿದ ಹಲಗೆಯ ಮೇಲೆ ಕಣ್ಣಿನ ಮಟ್ಟಕ್ಕೆ ಗೀಟು ಹಾಕಿದ. ಕುಳ್ಳಿಯರು ಬೆನ್ನು ನೆಟ್ಟಗೆ ಮಾಡಿದರು, ಎತ್ತರದವರು ನಾಚಿ ಬಗ್ಗಿದರು. 'ಕಳ್ಳಾಟ ಆಡ್ಬ್ಯಾಡ್ರವ್ವ' ಎಂದು ಬೈದು ಮತ್ತೆ ಅಳೆದ. ಬಾಗಿಲಲ್ಲಿ ನಿಂತಿದ್ದ ಯಜಮಾನಿಯವರನ್ನೂ ಬಿಡಲಿಲ್ಲ. "ನೀವೂ ಕುಂತ್ಕಳಿ ಅವ್ವಾರೆ. ಷರತ್ತು ನಿಮ್ದು, ಕಣ್ಣೂ ನಿಮ್ದೇ ಆಗ್ಲಿ."

ಅವರು ಗೊಣಗುತ್ತ ಕೂತರು. ಕೂತು ಆಚೆ ನೋಡಿದರು. ಇಳಿಜಾರಿನ ಕೆಳಗಿನ ದಾರಿ ಹಲಗೆಯ ಹಿಂದೆ ಮರೆಯಾಗಿತ್ತು. ತೆಂಗಿನ ತಲೆಗಳು, ಅದರಾಚೆ ಹೊಳೆಯ ಒಂದು ತುಂಡು, ಆಚೆ ದಡದ ಗದ್ದೆ. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿದ್ದರೂ ಪಡುವಲ ಕಡೆ ಒಂದು ಕಿಟಕಿ ಅವರಿಗಿರಲಿಲ್ಲ. ಬಹಳ ಹೊತ್ತು ಕೂತೇ ಇದ್ದರು. ಕೊನೆಗೆ, "ಅದು ನಮ್ದೇ ಗದ್ದೆ ಅಲ್ವೇನಾ?" ಎಂದರು.

"ನಿಮ್ದೇ ಕಣವ್ವಾರೆ. ಆದ್ರೆ ಒಂದು ಯೋಚ್ನೆ." ಮೇಸ್ತ್ರಿ ಮುಖ ಗಂಭೀರ ಮಾಡಿಕೊಂಡ. "ಒಂಟಿ ಕಿಟ್ಕಿ ಆಗೋಯ್ತು. ಬಾಗ್ಲೂ ಒಂದು, ಕಿಟ್ಕಿನೂ ಒಂದು. ಕಿಟ್ಕಿ ಯಾವತ್ತೂ ಜೋಡಿ ಇರ್ಬೇಕು. ಒಂಟಿ ಕಿಟ್ಕಿ ಮನೆತನಕ್ಕೆ ಒಳ್ಳೇದಲ್ಲ."

"ಇನ್ನೊಂದು ಇಡು ಮತ್ತೆ! ಏಳಕ್ಕೇನು ರೋಗ ನಿಂಗೆ?" ಎಂದರು ಯಜಮಾನಿಯವರು.

ಮೇಸ್ತ್ರಿ ನನ್ನ ಕಡೆ ತಿರುಗಿ ಒಂದು ಕಣ್ಣು ಮಿಟುಕಿಸಿದ. ಮೊದಲ ದಿನದಿಂದ ಅವನಿಗೆ ಬೇಕಾಗಿದ್ದದ್ದು ಬಡಗಲ ಗೋಡೆಯ ಕಿಟಕಿ. ಆ ಕಡೆ ಮನೆಯ ಹಿತ್ತಿಲು, ಬೀದಿಯಿಲ್ಲ, ಮಧ್ಯಾಹ್ನದ ಸೂರ್ಯ ಮುಖ ತೋರಿಸುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಹಾಲಿನಂಥ ಒಂದೇ ಬೆಳಕು. ಆ ದಪ್ಪ ಗೋಡೆಯನ್ನು ನೇರವಾಗಿ ಕೊರೆಯದೆ, ಒಳಬದಿಗೆ ಅಗಲವಾಗುವಂತೆ ಎರಡು ಪಕ್ಕವನ್ನೂ ಓರೆಯಾಗಿ ಕೆತ್ತಿದ, ಬೆಳಕು ಮೂಲೆಯವರೆಗೆ ಹರಡಲಿ ಎಂದು. ಸುಣ್ಣಕ್ಕೆ ಒಂದು ಹಿಡಿ ಕೆಮ್ಮಣ್ಣು ಕಲಸಿ ಬಳಿಸಿದ, ಗೋಡೆಯ ಬಿಳುಪು ಕಣ್ಣು ಚುಚ್ಚದ ಹಾಗೆ.

ಮತ್ತೆ ತರಗತಿ ಕೂತಾಗ ಉಗ್ರಾಣದಲ್ಲಿ ಕತ್ತಲೆಯ ಮೂಲೆ ಎಂಬುದೇ ಇರಲಿಲ್ಲ. ಸೂಜಿಗೆ ದಾರ ಒಂದೇ ಸಲಕ್ಕೆ ಹೋಗುತ್ತಿತ್ತು. ಕುತ್ತಿಗೆ ನೋವು ಬಂದಾಗ ತಲೆಯೆತ್ತಿದರೆ ಹೊಳೆ, ತಲೆ ಬಗ್ಗಿಸಿದರೆ ಕೆಲಸ. ಎಮ್ಮೆಗಳ ವರದಿ ನಿಂತುಹೋಯಿತು. ಎಮ್ಮೆ ಇಳಿಯುವ ಜಾಗ ಮೇಸ್ತ್ರಿಯ ಗೀಟಿನ ಕೆಳಗೆ ಹೋಗಿತ್ತು.

ಹರದನಹಳ್ಳಿಯವಳನ್ನು ಒಳಗೆ ಕರೆಯಬೇಕಿತ್ತು. ಅದಕ್ಕೂ ನಾನು ಒಂದು ಉಪಾಯ ಹೂಡಿದೆ. "ಪರೀಕ್ಷೆಗೆ ಕೂರುವವರು ಕರಿ ಕೋಟಿನ ಬಟ್ಟೆಗೆ ಕಾಜ ಹೊಲೀಬೇಕು. ಕರಿ ಬಟ್ಟೆಗೆ ಬಡಗಲ ಕಿಟಕಿಯೇ ಆಗಬೇಕು. ಅವರು ಅಲ್ಲಿ ಕೂರಲಿ" ಎಂದು ಗೋಡೆಗೆ ಹೇಳಿದ ಹಾಗೆ ಹೇಳಿದೆ. ಆ ವರ್ಷ ಪರೀಕ್ಷೆಗೆ ಹೆಸರು ಕೊಟ್ಟವಳು ಅವಳೊಬ್ಬಳೇ ಎಂದು ಎಲ್ಲರಿಗೂ ಗೊತ್ತಿತ್ತು. ಯಜಮಾನಿಯವರ ಸೊಸೆ ತನ್ನ ಚಾಪೆಯನ್ನು ಒಂದಿಷ್ಟು ಸರಿಸಿ ದಾರಿ ಬಿಟ್ಟಳು. ಒಂದು ವಾರ ಕಳೆದ ಮೇಲೆ ಅವಳೇ ತನ್ನ ಕಾಜ ತೆಗೆದುಕೊಂಡು ಹರದನಹಳ್ಳಿಯವಳ ಪಕ್ಕ ಕೂತು ಕಲಿಯುತ್ತಿದ್ದಳು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಹಾಸನದ ಪರೀಕ್ಷೆಗೆ ಅವಳ ಜೊತೆ ಬಸ್ಸಿನಲ್ಲಿ ನಾನೂ ಹೋದೆ. ದೊಡ್ಡ ಹಾಲು, ಸಾಲು ಕಿಟಕಿ. ಅವಳಿಗೆ ಸಿಕ್ಕ ಬೆಂಚು ಕಿಟಕಿಗೆ ಎದುರಾಗಿತ್ತು, ಬಿಸಿಲು ನೇರ ಮುಖಕ್ಕೆ. ನಾನು ಬಾಗಿಲಾಚೆ ನಿಂತು ಕೈ ಹಿಸುಕಿಕೊಂಡೆ. ಅವಳು ಒಂದು ನಿಮಿಷ ಕೂತಳು, ಎದ್ದಳು. ಕೋಟು ಹಾಕಿದ್ದ ಪರೀಕ್ಷಕರ ಮುಂದೆ ಹೋಗಿ, ಆ ನಿಶ್ಶಬ್ದದಲ್ಲಿ ನನಗೂ ಕೇಳುವ ಹಾಗೆ, "ಸಾ, ಬೆಂಚು ತಿರುಗ್ಸ್ಕತೀನಿ. ಬೆಳ್ಕು ಎಡಗಡೆಯಿಂದ ಬರ್ಬೇಕು" ಎಂದಳು. ಅವರು ಹೂಂ ಎಂದರು. ಕರ್ರನೆ ಸದ್ದು ಮಾಡುತ್ತ ಅವಳೊಬ್ಬಳೇ ಬೆಂಚು ತಿರುಗಿಸಿಕೊಂಡು ಕೂತಳು. ಅದನ್ನು ನೋಡಿ ಇನ್ನಿಬ್ಬರೂ ತಿರುಗಿಸಿಕೊಂಡರು. ಆಗಲೇ ನನಗೆ ಗೊತ್ತಾಯಿತು, ಇವಳು ಪಾಸಾಗುತ್ತಾಳೆ.

ಪಾಸಾದಳು. ದಂಡಿಗನಹಳ್ಳಿಯ ಕೆಲಸವೂ ಸಿಕ್ಕಿತು. ಎರಡು ವರ್ಷದ ಮೇಲೆ ಚನ್ನರಾಯಪಟ್ಟಣಕ್ಕೆ ಹೋಗಿದ್ದಾಗ ಅವಳ ತರಗತಿ ನೋಡಲು ಹೋದೆ. ಕಡ್ಡಿಯಂತಿದ್ದವಳು ಮೈ ಕೈ ತುಂಬಿಕೊಂಡಿದ್ದಳು. ಕೊರಳಲ್ಲಿ ಟೇಪು, ಬಾಯಲ್ಲಿ ಗದರಿಕೆ. ನನ್ನನ್ನು ಕೂರಿಸಿ, ಲೋಟ ತುಂಬ ಮಜ್ಜಿಗೆ ಕೊಟ್ಟಳು. ಕುಡಿದೆ. ಉಗ್ರಾಣದ ಕಥೆಗಳನ್ನೆಲ್ಲ ತೆಗೆದು ನಕ್ಕೆವು, ಸೀರೆಯ ಜೊತೆ ಎದ್ದು ಬಂದ ಲಂಗ, ಕಿಟಕಿ ಬಿಟ್ಟು ಏಳದೆ ಕೂತ ಯಜಮಾನಿ.

ನಗು ಇಳಿಯುವ ಹೊತ್ತಿಗೆ ಅವಳು ಹೇಳಿದಳು, ಬಟ್ಟೆಯ ಮೇಲೆ ಸೀಮೆಸುಣ್ಣದ ಗೀಟು ಎಳೆಯುತ್ತಲೇ, ಯಾವ ಸಿಟ್ಟೂ ಇಲ್ಲದೆ: "ಅಲ್ಲ ಕಣವ್ವ, ಒಂದು ಕೇಳ್ಲಾ? ನಾನು ಜಗ್ಲಿ ಮ್ಯಾಲೆ ಕುಂತಿದ್ದು ಗಾಳಿಗಲ್ಲ ಅಂತ ನಿಮ್ಗೆ ಗೊತ್ತಿತ್ತು. 'ಒಳಿಕ್ ಬಾ' ಅಂತ ಒಂದ್ ಮಾತು ಅಂದಿದ್ರೆ ಆಗ್ತಿತ್ತು. ಅದ್ಕೋಸ್ಕರ ಎಲ್ಡು ಗ್ವಾಡೆ ಒಡ್ಸುದ್ರಲ್ಲ ನೀವು."

ನಗಲು ನೋಡಿದೆ, ಆಗಲಿಲ್ಲ. ತರಗತಿ ಒಡೆದೀತು ಎಂದುಕೊಂಡಿದ್ದೆ, ಉಗ್ರಾಣ ಹೋದೀತು ಎಂದುಕೊಂಡಿದ್ದೆ ಎಂದೆಲ್ಲ ಹೇಳಬಹುದಿತ್ತು.

"ಹೆದರಿದ್ದೆ ಕಣೆ. ಅನ್ನಬೇಕಿತ್ತು" ಎಂದೆ.

"ಈಗಂದ್ರಲ್ಲ, ಬುಡಿ" ಎಂದು ಅವಳು ಕತ್ತರಿ ಎತ್ತಿಕೊಂಡಳು.